ಬಾಟಲಿಗೆ ಬಾರದ ಜೇನು

ವಸಂತವೆಂದರೆ ನಮಗೆ ಸಮೃದ್ಧಿಯ ಕಾಲ. ಆದರೆ ಅಮೆರಿಕದ ನೆಬ್ರಾಸ್ಕ, ಅಯೋವಾ ಬಯಲುಗಳಲ್ಲಿರುವ ಜೇನ್ನೊಣಗಳಿಗೆ ವಸಂತದ ಆರಂಭವೇ ಅತ್ಯಂತ ಅಪಾಯದ ಕಾಲ. ಏಕೆ ಗೊತ್ತೆ?

ಚಳಿಗಾಲವಿಡೀ ನೊಣಗಳು ರಾಣಿಯ ಸುತ್ತ ಒತ್ತೊತ್ತಾಗಿ ಕೂತು, ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಶಾಖ ಹುಟ್ಟಿಸುತ್ತವೆ. ಅದಕ್ಕೆ ಉರುವಲು, ಕೂಡಿಟ್ಟ ಜೇನುತುಪ್ಪ. ಚಳಿ ಪೂರ್ತಿ ಹೋಗುವ ಮೊದಲೇ ರಾಣಿ ಮೊಟ್ಟೆಯಿಡತೊಡಗುತ್ತದೆ. ಮರಿಗಳಿರುವ ಎರಿಯನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿಡಬೇಕು. ಖರ್ಚು ಏರಿತು, ಆದಾಯ ಮಾತ್ರ ಇಲ್ಲ! ಕೊರೆಯುವ ಚಳಿಯನ್ನು ಗೆದ್ದ ಕುಟುಂಬ ಮಾರ್ಚ್ ತಿಂಗಳಲ್ಲಿ ಹಸಿವಿನಿಂದ ಸಾಯುವುದುಂಟು.

ಆಗ ನೆರವಿಗೆ ಬರುವುದು ಕಾಡು ಪ್ಲಮ್. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪ್ರೂನಸ್ ಅಮೆರಿಕಾನ. ಬೇರಿನಿಂದಲೇ ಹೊಸ ಸಸಿಗಳು ಎದ್ದು, ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಮುಳ್ಳುಮುಳ್ಳಾದ ದಟ್ಟ ಪೊದೆಯಾಗುತ್ತದೆ. ಎಲೆ ಮೂಡುವ ಮೊದಲೇ ಕೊಂಬೆತುಂಬ ಬಿಳಿಯ ಹೂ. ಮರಿಗಳಿಗೆ ಬೇಕಾದ ಪರಾಗ, ದೊಡ್ಡವಕ್ಕೆ ಬೇಕಾದ ಮಕರಂದ ಎರಡೂ ಅಲ್ಲಿವೆ.

ಈ ಹೂವಿನ ಜೇನು ಅಂಗಡಿಯ ಬಾಟಲಿಗೆ ಬರುವುದು ತೀರ ಅಪರೂಪ. ಬಂದದ್ದೆಲ್ಲ ಗೂಡಿನಲ್ಲೇ ಖರ್ಚಾಗುತ್ತದೆ. ಹಾಗೆಂದು ಅದು ವ್ಯರ್ಥವೆ? ಲೆಕ್ಕ ಹಾಕಿ ನೋಡಿ. ಮೊಟ್ಟೆ ಕೆಲಸಗಾರ ನೊಣವಾಗಲು 21 ದಿನ ಬೇಕು. ಅದು ಮತ್ತೆ ಸುಮಾರು 3 ವಾರ ಗೂಡಿನೊಳಗೆ ದುಡಿದು, ಬಳಿಕ ಹೂವಿಗೆ ಹೊರಡುತ್ತದೆ. ಏಪ್ರಿಲ್ ಕೊನೆಯಲ್ಲಿ ಪ್ಲಮ್ ಹೂ ಉಂಡು ಬೆಳೆದ ಮರಿಗಳು ಜೂನ್‌ನಲ್ಲಿ ಕ್ಲೋವರ್ ಅರಳುವ ಹೊತ್ತಿಗೆ ದುಡಿಮೆಗೆ ಸಿದ್ಧ. ಕ್ಲೋವರ್ ಜೇನಿನ ಬಾಟಲಿಯ ಹಿಂದೆ ಪ್ಲಮ್ ಪೊದೆಯ ಪಾಲೂ ಇದೆ. ‘ಉಪಯೋಗವಿಲ್ಲದ ಮುಳ್ಳುಪೊದೆ’ ಎಂದು ರೈತ ಬದು ಸವರಿದರೆ, ಕಳೆದುಕೊಳ್ಳುವುದು ಈ ಪಾಲನ್ನು.

ಪೊದೆಗೂ ನೊಣ ಬೇಕು. ಒಂದೇ ಬೇರಿನಿಂದ ಹಬ್ಬಿದ ಗಿಡಗಳೆಲ್ಲ ಒಂದೇ ಗಿಡವಿದ್ದಂತೆ. ತನ್ನದೇ ಪರಾಗದಿಂದ ಪ್ಲಮ್ ಕಾಯಿ ಕಟ್ಟುವುದಿಲ್ಲ. ಇನ್ನೊಂದು ಪೊದೆಯ ಪರಾಗವನ್ನು ಜೇನ್ನೊಣವೋ, ಅಲ್ಲಿನ ಕಾಡುನೊಣಗಳೋ ತರಬೇಕು.

ನಮ್ಮ ಮಲೆನಾಡಿನ ತುಡುವೆಗೆ ಹಸಿವಿನ ಕಾಲ ಚಳಿಗಾಲವಲ್ಲ, ಮಳೆಗಾಲ. ಆಗ ಜೇನು ಸಾಕುವವರು ಸಕ್ಕರೆ ಪಾಕ ಕೊಟ್ಟು ಕುಟುಂಬ ಉಳಿಸಿಕೊಳ್ಳುತ್ತಾರೆ. ಮಳೆ ಬಿಡುವು ಕೊಟ್ಟ ಬೆಳಿಗ್ಗೆ, ನಾವು ಕಳೆಯೆಂದು ಕೀಳುವ ನಾಚಿಕೆ ಮುಳ್ಳಿನ ಹೂವನ್ನು ಮಕ್ಕಳ ಜೊತೆ ನೋಡಿ. ಅಲ್ಲಿ ಪರಾಗ ಕೂಡಿಸುವ ತುಡುವೆ ಕಂಡರೆ, ಕತ್ತಿಯನ್ನು ನಾಲ್ಕು ದಿನ ಮೂಲೆಯಲ್ಲಿಡಿ.