ಕಾಕಟೀಲ್: ಮರಿ ಮಾಡಿಸುವ ಮೊದಲು

ಮಗಳ ಹಠಕ್ಕೆ ಮಣಿದು ನಾಲ್ಕು ವರ್ಷದ ಹಿಂದೆ ಒಂದು ಜೋಡಿ ಕಾಕಟೀಲ್ ತಂದೆ. ತಲೆಯಲ್ಲಿ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು. ಮೂಲ ಆಸ್ಟ್ರೇಲಿಯಾ. ನಮ್ಮ ಕಾಡಿನ ಗಿಣಿ ಸಾಕಲು 1972ರ ವನ್ಯಜೀವಿ ಕಾಯಿದೆ ಬಿಡುವುದಿಲ್ಲ. ಇದು ಪಂಜರದಲ್ಲೇ ಹುಟ್ಟಿದ ಪರದೇಶದ ಹಕ್ಕಿ, ಸಾಕಬಹುದು.

ಮನೆಗೆ ಬಂದವರದ್ದೆಲ್ಲ ಒಂದೇ ಮಾತು: "ಮರಿ ಮಾಡಿಸಿ ಮಾರಾಯ್ರೆ, ಒಳ್ಳೆ ರೇಟುಂಟು." ನಾನೂ ಲೆಕ್ಕ ಹಾಕಿದೆ. ಒಮ್ಮೆಗೆ ಐದು ಮೊಟ್ಟೆ, ವರ್ಷಕ್ಕೆ ಎರಡು ಸಲ, ಅಲ್ಲಿಗೆ ಹತ್ತು ಮರಿ! ಊರಕೋಳಿಯ ಹಾಗೆಯೇ ಎಂದುಕೊಂಡೆ. ತಪ್ಪಿದ್ದು ಅಲ್ಲೇ.

ಕೋಳಿಮರಿ ಹುಟ್ಟಿದ ದಿನವೇ ಕೆದಕಿ ತಿನ್ನುತ್ತದೆ. ಕಾಕಟೀಲ್ ಮರಿಗೆ ಕಣ್ಣೂ ಬಿಟ್ಟಿರುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಸರದಿಯಲ್ಲಿ ಕಾವು ಕೂತು, 18ರಿಂದ 21 ದಿನಕ್ಕೆ ಮೊಟ್ಟೆ ಒಡೆದ ಮೇಲೆ ಗುಟುಕು ಕೊಡಬೇಕು. ಗೂಡು ಬಿಡಲು 4-5 ವಾರ, ತಾನೇ ತಿನ್ನಲು ಕಲಿಯುವಾಗ 8-10 ವಾರ. ಮೊಟ್ಟೆ ಇಡುವುದು ದಿನ ಬಿಟ್ಟು ದಿನ, ಆದ್ದರಿಂದ ಮರಿಗಳೂ ಹಿಂದುಮುಂದು. ಕೊನೆಯದಕ್ಕೆ ಗುಟುಕು ಸಾಲದೆ ಹೋಗುವುದುಂಟು. ತಾಯಿ ಬಿಟ್ಟರೆ ಎರಡು-ಮೂರು ಗಂಟೆಗೊಮ್ಮೆ ನಾವೇ ಉಣಿಸಬೇಕು. ಅಡಿಕೆ ಕೊಯ್ಲಿನ ಹೊತ್ತಿಗೆ ಇದು ಯಾರಿಂದಾದೀತು?

ನಮ್ಮಲ್ಲಿ ಮೊದಲ ಸಲ ಐದು ಮೊಟ್ಟೆಯಲ್ಲಿ ಉಳಿದದ್ದು ಮೂರು ಮರಿ. ಮಾರಿದ ದುಡ್ಡು ಗೂಡು, ಕಾಳಿನ ಖರ್ಚಿಗೆ ಸಾಲಲಿಲ್ಲ. ಆದರೂ ಆಸೆ ಬಿಡಲಿಲ್ಲ. ಪೆಟ್ಟಿಗೆ ತೆಗೆಯದೆ ಹಾಗೇ ಬಿಟ್ಟೆ. ಹೆಣ್ಣು ಬೆನ್ನುಬೆನ್ನಿಗೆ ಮೊಟ್ಟೆ ಇಟ್ಟಿತು. ಮೂರನೇ ಸಲ ಗೂಡಿನ ತಳದಲ್ಲಿ ಮೈ ಉಬ್ಬಿಸಿ ಕೂತು ತಿಣುಕುತ್ತಿತ್ತು. ಮೊಟ್ಟೆ ಸಿಕ್ಕಿಬಿದ್ದಿದೆ ಎಂದು ನನಗೆ ತಿಳಿಯಲಿಲ್ಲ. ಹಕ್ಕಿ ನೋಡುವ ಡಾಕ್ಟರು ಹತ್ತಿರದಲ್ಲಿಲ್ಲ. ಬೆಳಿಗ್ಗೆ ನೋಡುವಾಗ ಸತ್ತಿತ್ತು. ಮಗಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಬರೀ ನವಣೆ, ಸಜ್ಜೆ ಹಾಕಿದ್ದೇ ನನ್ನ ತಪ್ಪು. ಮೊಟ್ಟೆಯ ಚಿಪ್ಪಿಗೆ ಸುಣ್ಣದಂಶ ಬೇಕು. ಕಾಳಿನಲ್ಲಿ ಅದು ಕಡಿಮೆ. ಕಡಲನೊರೆ (ಬೊಂಡಾಸಿನ ಎಲುಬು), ನುಗ್ಗೆಸೊಪ್ಪು, ಮೊಳಕೆಕಾಳು, ಬೇಯಿಸಿದ ಮೊಟ್ಟೆ ಮೊದಲಿಂದಲೇ ಕೊಡಬೇಕಿತ್ತು.

ಆದ್ದರಿಂದ ಪೆಟ್ಟಿಗೆ ಕಟ್ಟುವ ಮೊದಲು ಇಷ್ಟು ಕೇಳಿಕೊಳ್ಳಿ:

1. ಜೋಡಿ ನಿಜವಾಗಿ ಗಂಡು-ಹೆಣ್ಣೇ? ಎಳೆಯ ಬೂದು ಹಕ್ಕಿಗಳೆಲ್ಲ ಹೆಣ್ಣಿನ ಹಾಗೆ ಕಾಣುತ್ತವೆ. ಗರಿ ಉದುರಿ ಹೊಸತು ಬಂದ ಮೇಲೆ ಗಂಡಿನ ಮುಖ ಅಚ್ಚ ಹಳದಿಯಾಗುತ್ತದೆ. ಒಂದೇ ಅಂಗಡಿಯಿಂದ ತಂದದ್ದಾದರೆ ಒಡಹುಟ್ಟಿದವೂ ಇರಬಹುದು.

2. ಹೆಣ್ಣಿಗೆ ಒಂದೂವರೆ ವರ್ಷ ತುಂಬಿದೆಯೇ?

3. ಹಕ್ಕಿ ನೋಡುವ ಡಾಕ್ಟರು ಎಷ್ಟು ದೂರ?

4. ಒಂದೊಂದು ಮರಿಯನ್ನೂ ಕೊಳ್ಳುವವರು ಯಾರು? ಹಕ್ಕಿ 15-20 ವರ್ಷ ಬದುಕುತ್ತದೆ. ಮಾರಾಟವಾಗದಿದ್ದರೆ ನಿಮ್ಮ ಜಗಲಿಯಲ್ಲೇ.

5. ಮನೆಯಲ್ಲಿ ದಮ್ಮಿನವರಿದ್ದಾರೆಯೇ? ಇದರ ಗರಿಯಿಂದ ಬಿಳಿ ಹುಡಿ ಬಹಳ ಉದುರುತ್ತದೆ.

ಎಲ್ಲಕ್ಕೂ ಸರಿಯಾದ ಉತ್ತರ ಇದ್ದವರು ಅಡಿ ಉದ್ದಗಲದ ಪೆಟ್ಟಿಗೆಗೆ ಆಚಾರಿ ಕೀಸಿದ ಮರದ ಸಿಪ್ಪೆ ಹರಡಿ ಕಟ್ಟಬಹುದು. ವರ್ಷಕ್ಕೆ ಎರಡು ಸಲ ಸಾಕು. ಮತ್ತೆ ಪೆಟ್ಟಿಗೆ ತೆಗೆಯಿರಿ.

ಬೇಡವೆಂದಾದರೆ ಪೆಟ್ಟಿಗೆ ಕಟ್ಟಲೇಬೇಡಿ. ಆದರೂ ಮೊಟ್ಟೆ ಇಟ್ಟರೆ ಬಿಸಾಡಬೇಡಿ, ಮತ್ತೆ ಇಡುತ್ತದೆ. ಕುದಿಸಿ, ತಣಿಸಿ ಅಲ್ಲೇ ಇಡಿ. ಕೆಲವು ವಾರ ಕೂತು ತಾನೇ ಬಿಟ್ಟುಬಿಡುತ್ತದೆ.

ಗಂಡು ಈಗಲೂ ನಮ್ಮಲ್ಲಿದೆ, ನಾನು ತೋಟದಿಂದ ಬರುವಾಗ ಸಿಳ್ಳೆ ಹಾಕುತ್ತದೆ. ಪೆಟ್ಟಿಗೆ ಅಟ್ಟ ಸೇರಿದೆ. ಮರಿ ಮಾಡಿಸಿ ಲಾಭ ಕಂಡವರಿದ್ದರೆ ಖರ್ಚಿನ ಲೆಕ್ಕದ ಸಮೇತ ಬರೆಯಿರಿ, ಉಳಿದವರಿಗೂ ತಿಳಿಯಲಿ.