ಅಧ್ಯಾಯ 5: ಯಾವ ಕೆಲಸ ಮೊದಲು?

ಅಮೆರಿಕದ ಒಕ್ಕೂಟ ಸರ್ಕಾರ 2013ರ ಅಕ್ಟೋಬರ್ 1ರಂದು ಹೆಲ್ತ್‌ಕೇರ್ ಡಾಟ್ ಗವ್ ಎಂಬ ಜಾಲತಾಣವನ್ನು ಜನರ ಬಳಕೆಗೆ ತೆರೆಯಿತು. ಅಧ್ಯಕ್ಷ ಬರಾಕ್ ಒಬಾಮ 2010ರಲ್ಲಿ ಸಹಿ ಹಾಕಿದ್ದ ಆರೋಗ್ಯ ಕಾಯಿದೆ ಜಾರಿಗೆ ಬರುವುದು ಬಹುಮಟ್ಟಿಗೆ ಈ ತಾಣವನ್ನೇ ನೆಚ್ಚಿಕೊಂಡಿತ್ತು. ನೌಕರಿಯ ಮೂಲಕ ವಿಮೆ ಸಿಗದವರು ಇಲ್ಲಿ ಆದಾಯದ ವಿವರ ಕೊಟ್ಟು, ಸರ್ಕಾರದ ಸಹಾಯಧನ ಎಷ್ಟು ಸಿಗುತ್ತದೆಂದು ತಿಳಿದು, ಬೇರೆ ಬೇರೆ ಕಂಪನಿಗಳ ಯೋಜನೆಗಳನ್ನು ಹೋಲಿಸಿ, ಒಂದನ್ನು ಕೊಳ್ಳಬೇಕಿತ್ತು. 36 ರಾಜ್ಯಗಳ ಜನಕ್ಕೆ ಇದೇ ತಾಣ. ಮೊದಲ ದಿನ ಲಕ್ಷಗಟ್ಟಲೆ ಮಂದಿ ಬಂದರು. ಆ ದಿನ ವಿಮೆಗೆ ಹೆಸರು ನೋಂದಾಯಿಸಲು ಸಾಧ್ಯವಾದದ್ದು ಆರು ಜನಕ್ಕೆ. ಅಧಿಕಾರಿಗಳ ಸಭೆಯ ಟಿಪ್ಪಣಿಯಲ್ಲೇ ಈ ಲೆಕ್ಕ ಇತ್ತು. ಅಮೆರಿಕದ ಸಂಸತ್ತಿನ ಸಮಿತಿಯೊಂದು ಅದನ್ನು ಆಮೇಲೆ ಬಹಿರಂಗಪಡಿಸಿತು. ಎರಡನೆಯ ದಿನದ ಕೊನೆಗೆ ಸಂಖ್ಯೆ 248ಕ್ಕೆ ಏರಿತ್ತು.

ಅಲ್ಲಿಗೆ ಬಂದವರು ಯಾರು ಎಂಬುದನ್ನು ಮರೆಯಬಾರದು. ಮೊದಲೇ ಕಾಯಿಲೆ ಇದೆ ಎಂಬ ಕಾರಣಕ್ಕೆ ವಿಮಾ ಕಂಪನಿಗಳು ಹಿಂದಕ್ಕೆ ಕಳಿಸಿದ್ದ ಜನ ಅವರಲ್ಲಿದ್ದರು. 2014ರ ಜನವರಿಯಿಂದ ಹಾಗೆ ಕಳಿಸುವಂತಿಲ್ಲ ಎಂದು ಹೊಸ ಕಾಯಿದೆ ಹೇಳಿತ್ತು. ವರ್ಷಗಳಿಂದ ಕಾದು ಕೂತಿದ್ದವರ ಮುಂದೆ ಖಾಲಿ ಪರದೆ ಇತ್ತು.

ಹಾಗಾದರೆ ಹಣಕ್ಕೆ ಕೊರತೆ ಇತ್ತೇ? ಇರಲಿಲ್ಲ. ಐವತ್ತಕ್ಕೂ ಹೆಚ್ಚು ಗುತ್ತಿಗೆದಾರ ಸಂಸ್ಥೆಗಳು ಇದರಲ್ಲಿ ದುಡಿದಿದ್ದವು. ಬುದ್ಧಿವಂತರಿಗೂ ಕೊರತೆ ಇರಲಿಲ್ಲ. ಇಷ್ಟೆಲ್ಲ ಕೆಲಸಗಳ ನಡುವೆ ಯಾವುದು ಕೆಟ್ಟರೆ ಉಳಿದದ್ದೆಲ್ಲ ವ್ಯರ್ಥ ಎಂದು ಗುರುತಿಸಿ, ಅದನ್ನು ಎಲ್ಲಕ್ಕಿಂತ ಮುಂದೆ ಇಡುವ ಒಬ್ಬರು ಅಲ್ಲಿರಲಿಲ್ಲ. ನನ್ನ ಮಟ್ಟಿಗೆ ಜಾಲತಾಣ ನಡೆಸುವ ವಿದ್ಯೆಯ ಅರ್ಧ ಭಾಗ ಈ ಗುರುತಿಸುವಿಕೆಯೇ. ಹೆಲ್ತ್‌ಕೇರ್ ಡಾಟ್ ಗವ್ ಬಿದ್ದದ್ದೂ ಮೇಲೆದ್ದದ್ದೂ ಇದನ್ನು ಚೆನ್ನಾಗಿ ಕಲಿಸುತ್ತದೆ.

ಖಾತೆ ತೆರೆಯುವ ಪುಟವನ್ನೇ ನೋಡಿ. ತಾಣಕ್ಕೆ ಬಂದವರು ಮೊದಲು ಹೆಸರು, ಇಮೇಲ್ ಕೊಟ್ಟು, ಪಾಸ್‌ವರ್ಡ್ ಇಟ್ಟುಕೊಂಡು ಖಾತೆ ತೆರೆಯಬೇಕಿತ್ತು. ಅದಾದ ಮೇಲೆ ಭದ್ರತೆಗಾಗಿ ಕೆಲವು ಪ್ರಶ್ನೆಗಳನ್ನು ಆರಿಸಿಕೊಂಡು ಉತ್ತರ ತುಂಬಬೇಕಿತ್ತು. ಮೊದಲ ದಿನಗಳಲ್ಲಿ ಎಷ್ಟೋ ಜನರಿಗೆ ಆ ಪ್ರಶ್ನೆಗಳ ಪಟ್ಟಿಯೇ ತೆರೆಯಲಿಲ್ಲ. ಒತ್ತಿದರೆ ಖಾಲಿ ಚೌಕ. ಪ್ರಶ್ನೆ ಆರಿಸದೆ ಮುಂದಿನ ಪುಟಕ್ಕೆ ಹೋಗುವಂತಿಲ್ಲ. ವಿಮೆಗೂ ಆ ಪ್ರಶ್ನೆಗಳಿಗೂ ಯಾವ ಸಂಬಂಧವೂ ಇಲ್ಲ. ಆದರೂ ಅಷ್ಟು ದೊಡ್ಡ ವ್ಯವಸ್ಥೆ ಆ ಚಿಕ್ಕ ಚೌಕದ ಎದುರು ನಿಂತುಬಿಟ್ಟಿತು.

ಯೋಜನೆಗಳು ಯಾವುವು, ದರ ಎಷ್ಟು ಎಂದು ಖಾತೆ ಇಲ್ಲದೆಯೇ ನೋಡುವ ಸೌಲಭ್ಯ ಮೂಲ ನಕ್ಷೆಯಲ್ಲಿತ್ತು. ಪರೀಕ್ಷೆಯಲ್ಲಿ ಅದು ಸರಿಯಾಗಿ ನಡೆಯಲಿಲ್ಲವೆಂದು ತೆರೆಯುವ ಮುಂಚೆ ಕೈಬಿಟ್ಟರು. ಸುಮ್ಮನೆ ದರ ನೋಡಿಕೊಂಡು ಹೋಗೋಣ ಎಂದು ಬಂದವರೂ ಹೀಗೆ ಖಾತೆಯ ಸಾಲಿಗೇ ಸೇರಿದರು. ಏಕಕಾಲಕ್ಕೆ 50ರಿಂದ 60 ಸಾವಿರ ಮಂದಿ ಬರಬಹುದೆಂದು ಅಂದಾಜು ಮಾಡಿದ್ದೆವು, ಎರಡೂವರೆ ಲಕ್ಷ ಮಂದಿ ಬಂದರು ಎಂದು ಸರ್ಕಾರದ ತಂತ್ರಜ್ಞಾನ ಮುಖ್ಯಸ್ಥ ಟಾಡ್ ಪಾರ್ಕ್ ಆಗ ಹೇಳಿದರು. ಜನ ಹೆಚ್ಚಾದದ್ದು ನಿಜ. ಆದರೆ ತೆರೆಯುವ ಕೆಲವೇ ದಿನಗಳ ಮುಂಚೆ ನಡೆದ ಪರೀಕ್ಷೆಯಲ್ಲಿ ಕೆಲವು ನೂರು ಮಂದಿಯ ಭಾರಕ್ಕೇ ತಾಣ ಕುಸಿದಿತ್ತು ಎಂದು ಪತ್ರಿಕೆಗಳು ವರದಿ ಮಾಡಿದವು. ಎಲ್ಲ ಭಾಗಗಳನ್ನೂ ಜೋಡಿಸಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬ ಸಾಮಾನ್ಯ ಅರ್ಜಿದಾರನ ಹಾಗೆ ನಡೆದು ನೋಡುವ ಪರೀಕ್ಷೆ ಶುರುವಾದದ್ದೇ ಕೊನೆಯ ಎರಡು ವಾರಗಳಲ್ಲಿ. ಗುತ್ತಿಗೆದಾರರೇ ಸಂಸತ್ತಿನ ಸಮಿತಿಯ ಮುಂದೆ ಹೀಗೆ ಹೇಳಿಕೆ ಕೊಟ್ಟರು. ಒಂದೊಂದು ಸಂಸ್ಥೆಯೂ ತನ್ನ ಪಾಲಿನ ಭಾಗವನ್ನು ಮುಗಿಸಿತ್ತು. ಅರ್ಜಿದಾರ ಮಾತ್ರ ಎಲ್ಲ ಭಾಗಗಳನ್ನೂ ದಾಟಿ ಹೋಗಬೇಕಾದವನು. ಅವನ ದಾರಿಯನ್ನು ತನ್ನದೆಂದು ನೋಡಿಕೊಳ್ಳುವವರು ಇರಲಿಲ್ಲ.

ಅಕ್ಟೋಬರ್ ಮಧ್ಯದಲ್ಲಿ ಸರಿಪಡಿಸುವ ಕೆಲಸಕ್ಕೆ ಒಂದು ಸಣ್ಣ ತಂಡ ಬಂತು. ಮೇಲ್ವಿಚಾರಣೆ ಜೆಫ್ ಝೈಂಟ್ಸ್ ಅವರದು. ತಂತ್ರಜ್ಞರಲ್ಲಿ ಪ್ರಮುಖರು ಮೈಕಿ ಡಿಕರ್‌ಸನ್. ಗೂಗಲ್‌ನಲ್ಲಿ ತಾಣಗಳು ಬೀಳದಂತೆ ಕಾಯುವುದೇ ಅವರ ಉದ್ಯೋಗವಾಗಿತ್ತು. ಇವರು ಬಂದಾಗ ಕಂಡ ಸಂಗತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ತಾಣ ಈ ಕ್ಷಣ ನಡೆಯುತ್ತಿದೆಯೇ, ಎಷ್ಟು ಮಂದಿ ಒಳಗಿದ್ದಾರೆ, ಯಾವ ಪುಟ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ ಎಂದು ಒಂದೇ ಕಡೆ ತೋರಿಸುವ ಡ್ಯಾಶ್‌ಬೋರ್ಡ್ ಅಲ್ಲಿರಲಿಲ್ಲ. ತಾಣ ಬಿದ್ದದ್ದು ಅದನ್ನು ನಡೆಸುವವರಿಗಿಂತ ಮೊದಲು ಟಿವಿ ನೋಡುವವರಿಗೆ ತಿಳಿಯುವ ಪರಿಸ್ಥಿತಿ. ಹೊಸ ತಂಡ ಮೊದಲು ಮಾಡಿದ್ದೇ ಆ ಡ್ಯಾಶ್‌ಬೋರ್ಡ್. ಎಲ್ಲಿ ನೋವಿದೆ ಎಂದು ಗೊತ್ತಾಗದೆ ಔಷಧಿ ಕೊಡುವಂತಿಲ್ಲವಲ್ಲ.

ಅಳತೆ ಸಿಕ್ಕ ಮೇಲೆ ಒಂದು ದೋಷ ಬೇಗನೆ ಕಣ್ಣಿಗೆ ಬಿತ್ತು. ಪದೇ ಪದೇ ಬೇಕಾಗುವ ಮಾಹಿತಿಗೂ ತಾಣ ಪ್ರತಿಸಲ ಮೂಲ ಡೇಟಾಬೇಸಿಗೇ ಹೋಗಿ ಬರುತ್ತಿತ್ತು. ಇಂಥ ಮಾಹಿತಿಯ ಪ್ರತಿಯನ್ನು ಹತ್ತಿರದಲ್ಲೇ ಇಟ್ಟುಕೊಂಡು ಅಲ್ಲಿಂದಲೇ ಕೊಡುವುದು ಹಳೆಯ ಉಪಾಯ, ತಂತ್ರಜ್ಞರು ಅದನ್ನು ಕ್ಯಾಷಿಂಗ್ ಎನ್ನುತ್ತಾರೆ. ಅದನ್ನು ಅಳವಡಿಸಿದೊಡನೆ, ಒಂದು ಪುಟ ತೆರೆಯಲು ಸರಾಸರಿ ಎಂಟು ಸೆಕೆಂಡು ಹಿಡಿಯುತ್ತಿದ್ದದ್ದು ಎರಡು ಸೆಕೆಂಡಿನ ಆಸುಪಾಸಿಗೆ ಇಳಿಯಿತು. ತಾಣವನ್ನು ಬೇರಿನಿಂದ ಕಿತ್ತು ಹೊಸದಾಗಿ ಕಟ್ಟಬೇಕು ಎಂಬ ಮಾತು ಆಗ ಕೇಳಿಬರುತ್ತಿತ್ತು, ಅದು ಬೇಕಾಗಲಿಲ್ಲ.

ಡಿಕರ್‌ಸನ್ ತಂಡದ ಸಭೆಗಳಿಗೆ ಮೂರು ನಿಯಮಗಳಿದ್ದವು. ಸಭೆ ಇರುವುದು ಸಮಸ್ಯೆ ಬಿಡಿಸುವುದಕ್ಕೆ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕಲ್ಲ. ವಿಷಯ ಚೆನ್ನಾಗಿ ಬಲ್ಲವರು ಮಾತಾಡಬೇಕು, ಹುದ್ದೆಯಲ್ಲಿ ದೊಡ್ಡವರಲ್ಲ. ಮುಂದಿನ 24ರಿಂದ 48 ಗಂಟೆಗಳಲ್ಲಿ ಯಾವುದು ತೊಂದರೆ ಕೊಡುತ್ತದೋ ಅದರ ಕಡೆಗೇ ಗಮನ ಇರಬೇಕು. ಮೂರನೆಯದು ಓದಲು ಸುಲಭ, ಪಾಲಿಸಲು ಬಹಳ ಕಷ್ಟ. ಸರಿಪಡಿಸಬೇಕಾದ ಪಟ್ಟಿಯಲ್ಲಿ ನೂರಾರು ಅಂಶಗಳಿದ್ದಾಗ ಪ್ರತಿಯೊಂದರ ಹಿಂದೆಯೂ ಅದನ್ನು ಕೇಳುವ ಅಧಿಕಾರಿಯೊಬ್ಬರು ಇರುತ್ತಾರೆ. ಅವರಿಗೆ ‘ನಿಮ್ಮದು ಮುಂದಿನ ತಿಂಗಳು’ ಎಂದು ಹೇಳುವ ಧೈರ್ಯ ಬೇಕು, ಹಾಗೆ ಹೇಳಲು ಮೇಲಿನವರ ಬೆಂಬಲವೂ ಬೇಕು. ಇಲ್ಲಿ ಎರಡೂ ಕೂಡಿಬಂದವು.

ಡಿಸೆಂಬರ್ 1ರಂದು ಸರ್ಕಾರ ಪ್ರಗತಿಯ ವರದಿ ಕೊಟ್ಟಿತು. ನವೆಂಬರ್ ಆರಂಭದ ವಾರದಲ್ಲಿ ತಾಣ ಕೆಲಸ ಮಾಡುತ್ತಿದ್ದದ್ದು ಶೇಕಡ 43ರಷ್ಟು ಹೊತ್ತು ಮಾತ್ರ. ತಿಂಗಳ ಕೊನೆಗೆ ಅದು ಶೇಕಡ 95. ದೋಷದ ಪ್ರಮಾಣ ಶೇಕಡ 6ರಿಂದ 1ಕ್ಕಿಂತ ಕೆಳಗಿಳಿದಿತ್ತು. ನಾನೂರಕ್ಕೂ ಹೆಚ್ಚು ತಿದ್ದುಪಡಿಗಳಾಗಿದ್ದವು. ಜನ ಮಿತಿ ಮೀರಿ ಬಂದಾಗ ತಾಣ ಕುಸಿಯುವ ಬದಲು ಸರದಿಯಲ್ಲಿ ನಿಲ್ಲಿಸಿ, ಮತ್ತೆ ಬರಲು ಇಮೇಲ್ ಕಳಿಸುವ ಏರ್ಪಾಡೂ ಆಯಿತು. 2014ರ ಏಪ್ರಿಲ್‌ ಹೊತ್ತಿಗೆ ಒಕ್ಕೂಟದ ತಾಣ ಮತ್ತು ರಾಜ್ಯಗಳ ತಾಣಗಳೆಲ್ಲ ಸೇರಿ ಸುಮಾರು 80 ಲಕ್ಷ ಜನ ವಿಮೆಗೆ ಹೆಸರು ಕೊಟ್ಟಿದ್ದರು.

ಪುಟಗಳನ್ನು ಸರಳಗೊಳಿಸುವ ಕೆಲಸ ಇದಾದ ಮೇಲೆ ಬಂತು. ಹೊಸದಾಗಿ ಅರ್ಜಿ ಹಾಕುವ ಹೆಚ್ಚಿನವರು ದಾಟಬೇಕಿದ್ದ 76 ಪುಟಗಳನ್ನು ಮುಂದಿನ ಸಾಲಿನ ನೋಂದಣಿಯ ಹೊತ್ತಿಗೆ 16ಕ್ಕೆ ಇಳಿಸಿದರು. ಈ ಕ್ರಮವನ್ನು ಗಮನಿಸಿ: ಮೊದಲು ಕಣ್ಣಿಡುವುದು, ಆಮೇಲೆ ನಿಲ್ಲದಂತೆ ಮಾಡುವುದು, ಆಮೇಲೆ ಸುಲಭವಾಗಿಸುವುದು. ಡಿಕರ್‌ಸನ್ ಇದನ್ನೇ ಒಂದು ಪಿರಮಿಡ್ಡಿನ ಚಿತ್ರವಾಗಿ ಬರೆದು ತೋರಿಸಿದ್ದಾರೆ. ತಳದಲ್ಲಿ ನಿಗಾ, ಅದರ ಮೇಲೆ ತೊಂದರೆ ಬಂದಾಗ ಓಡಿಬರುವ ವ್ಯವಸ್ಥೆ, ಅದರ ಮೇಲೆ ಕಾರಣದ ಹುಡುಕಾಟ, ಪರೀಕ್ಷೆ, ಜನರ ಭಾರದ ಅಂದಾಜು. ಹೊಸ ಸೌಲಭ್ಯಗಳೂ ಅಂದಚಂದವೂ ತುದಿಯಲ್ಲಿವೆ. ನಮ್ಮಲ್ಲಿ ಬಹುತೇಕ ತಾಣಗಳ ಸಮಿತಿ ಸಭೆಗಳಲ್ಲಿ ಚರ್ಚೆ ಶುರುವಾಗುವುದೇ ಆ ತುದಿಯಿಂದ: ಬಣ್ಣ ಯಾವುದು, ಮುಖಪುಟದಲ್ಲಿ ಯಾರ ಭಾವಚಿತ್ರ, ಓಡುವ ಅಕ್ಷರಗಳಲ್ಲಿ ಯಾವ ಸಂದೇಶ.

ಮುಖಪುಟದ ಮಾತು ಬಂತಾದ್ದರಿಂದ ಬ್ರಿಟನ್ನಿನ ಒಂದು ಪುಟದ ಬಗ್ಗೆ ಹೇಳಲೇಬೇಕು. ಅಲ್ಲಿನ ಸರ್ಕಾರ 2012ರ ಅಕ್ಟೋಬರ್‌ನಲ್ಲಿ ತನ್ನ ಎರಡು ದೊಡ್ಡ ಹಳೆಯ ತಾಣಗಳ ಬದಲು ಗವ್ ಡಾಟ್ ಯುಕೆ ಎಂಬ ಒಂದೇ ತಾಣ ತಂದಿತು. ಬಳಸುವವರ ಅಗತ್ಯದಿಂದ ಶುರುಮಾಡು ಎಂಬುದು ಅದರ ಮೊದಲ ಸೂತ್ರ. ಸಾರ್ವಜನಿಕ ರಜೆಗಳ ಪುಟ ತೆರೆದರೆ ಮುಂದಿನ ರಜೆ ಯಾವತ್ತು ಎಂಬುದು ದೊಡ್ಡ ಅಕ್ಷರಗಳಲ್ಲಿ ಮೇಲೆಯೇ ಇರುತ್ತದೆ. ಪೂರ್ತಿ ಪಟ್ಟಿ ಅದರ ಕೆಳಗೆ. ಬಂದವರಲ್ಲಿ ಹೆಚ್ಚಿನವರು ಕೇಳಲು ಬಂದ ಪ್ರಶ್ನೆ ಒಂದೇ, ಅದಕ್ಕೆ ಉತ್ತರ ಮೊದಲು. ಮಂತ್ರಿಯ ಶುಭಾಶಯ ಅಲ್ಲಿಲ್ಲ.

ನಿಮ್ಮ ತಾಣದ ಆ ಒಂದು ಪ್ರಶ್ನೆ ಯಾವುದು? ಪ್ರೌಢಶಾಲೆಯ ತಾಣಕ್ಕೆ ಜೂನ್ ತಿಂಗಳಲ್ಲಿ ಬರುವ ತಂದೆತಾಯಿಗೆ ಬೇಕಾದದ್ದು ಪ್ರವೇಶದ ಕೊನೆಯ ದಿನಾಂಕ, ಶುಲ್ಕ, ತರಬೇಕಾದ ದಾಖಲೆಗಳು. ಸಹಕಾರ ಸಂಘದ ತಾಣಕ್ಕೆ ಬರುವ ರೈತನಿಗೆ ಬೇಕಾದದ್ದು ಇವತ್ತಿನ ದರ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಂದೇ ಗಂಟೆಯಲ್ಲಿ ಬರುತ್ತಾರೆ. ಅವರಿಗೆ ಬೇಕಾದದ್ದು ನೋಂದಣಿ ಸಂಖ್ಯೆ ಹಾಕುವ ಒಂದು ಚೌಕ, ಅಂಕಗಳ ಒಂದು ಪಟ್ಟಿ. ಆ ದಿನ ಆ ಪುಟದಲ್ಲಿ ಚಿತ್ರವಾಗಲಿ ಜಾಹೀರಾತಾಗಲಿ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲೋ ಗುಡ್ಡದ ಮೇಲೆ ಎರಡು ಗೆರೆ ಸಿಗ್ನಲ್ ಹಿಡಿದು ನಿಂತ ಹುಡುಗಿಗೂ ಅದು ತೆರೆಯಬೇಕು.

ಇನ್ನೊಂದು ವಿಷಯ ಈ ಎಲ್ಲದಕ್ಕಿಂತ ಮುಂಚೆ ಬರುತ್ತದೆ. ನಿಧಾನವಾದ ಪುಟವನ್ನು ನಾಳೆ ಚುರುಕುಗೊಳಿಸಬಹುದು, ಕಳೆದುಹೋದ ಮಾಹಿತಿಯನ್ನು ಮರಳಿ ತರಲಾಗದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಇತರರ ತಾಣಗಳನ್ನು ಇಟ್ಟುಕೊಂಡು ನಡೆಸುವ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಇಡೀ ಕಟ್ಟಡ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇಟ್ಟುಕೊಂಡಿದ್ದವರು ಮತ್ತೆ ತಾಣ ನಿಲ್ಲಿಸಿಕೊಂಡರು. ಇಟ್ಟುಕೊಳ್ಳದಿದ್ದವರಲ್ಲಿ ಅನೇಕರು ಎಲ್ಲವನ್ನೂ ಕಳೆದುಕೊಂಡರು. ಪ್ರತಿ ಇಟ್ಟರಷ್ಟೇ ಸಾಲದು, ಅದರಿಂದ ತಾಣವನ್ನು ಮತ್ತೆ ಎಬ್ಬಿಸಲು ಆಗುತ್ತದೆಯೇ ಎಂದು ಒಮ್ಮೆಯಾದರೂ ಮಾಡಿ ನೋಡಿರಬೇಕು. ತಾಣದ ಹೆಸರಿನ ನವೀಕರಣವೂ ಇದೇ ಸಾಲಿಗೆ ಸೇರುತ್ತದೆ. ಹೆಸರು ಕೊಂಡ ವ್ಯಕ್ತಿ ಸಂಸ್ಥೆ ಬಿಟ್ಟುಹೋಗಿ, ನೆನಪೋಲೆಗಳು ಅವರ ಹಳೆಯ ಇಮೇಲಿಗೆ ಹೋಗುತ್ತಿದ್ದರೆ, ಅವಧಿ ಮುಗಿದ ಮೇಲೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು.

ನೀವು ಶಾಲೆಯದೋ ಸಂಘದ್ದೋ ಗ್ರಂಥಾಲಯದ್ದೋ ತಾಣ ನೋಡಿಕೊಳ್ಳುತ್ತಿದ್ದರೆ ಈ ವಾರವೇ ಇಷ್ಟು ಮಾಡಿ. ತಾಣದ ಹೆಸರು ಯಾವ ದಿನಾಂಕದವರೆಗೆ ಇದೆ, ನೆನಪೋಲೆ ಯಾರಿಗೆ ಹೋಗುತ್ತದೆ ಎಂದು ನೋಡಿ. ಮಾಹಿತಿಯ ಒಂದು ಪ್ರತಿಯನ್ನು ಬೇರೆ ಜಾಗದಲ್ಲಿಡಿ. ತಾಣ ನಿಂತರೆ ನಿಮ್ಮ ಫೋನಿಗೆ ಸುದ್ದಿ ಬರುವ ಹಾಗೆ ಮಾಡಿಕೊಳ್ಳಿ. ಆಮೇಲೆ ಕಂಪ್ಯೂಟರಿನ ಅಭ್ಯಾಸ ಹೆಚ್ಚಿಲ್ಲದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಫೋನಿನಲ್ಲೇ ನಿಮ್ಮ ತಾಣ ತೆರೆಸಿ, ಜನ ಯಾವ ಕೆಲಸಕ್ಕೆ ಅಲ್ಲಿಗೆ ಬರುತ್ತಾರೋ ಆ ಕೆಲಸ ಕೊಡಿ. ನೀವು ಬಾಯಿ ಬಿಡಬೇಡಿ, ಬೆರಳು ತೋರಿಸಬೇಡಿ. ಅವರು ಎಲ್ಲಿ ತಡವರಿಸಿ ನಿಲ್ಲುತ್ತಾರೋ ಅದನ್ನು ಬರೆದುಕೊಳ್ಳಿ. ನಾಳೆ ಬೆಳಿಗ್ಗೆ ಸರಿಪಡಿಸಬೇಕಾದದ್ದು ಅದನ್ನೇ.