ಫೋನಿಗೆ ಮೇಲು-ಕೆಳಗು ತಿಳಿಯುವುದು ಹೇಗೆ?

‘ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದೆ. ಮೇಜಿನ ಮೇಲೆ ಮಲಗಿಸಿ ತಿರುಗಿಸಿದರೆ ಮಾತ್ರ ಆಗುವುದಿಲ್ಲ. ಯಾಕೆ?’ ಚಾಮರಾಜಪೇಟೆಯ ಹೈಸ್ಕೂಲು ಹುಡುಗಿಯೊಬ್ಬಳು ಕೇಳಿದ್ದಾಳೆ. ಎಷ್ಟು ಚುರುಕಾದ ಕಣ್ಣು! ದಿನವಿಡೀ ಫೋನ್ ಹಿಡಿದಿರುವ ದೊಡ್ಡವರಲ್ಲಿ ಇದನ್ನು ಗಮನಿಸಿದವರು ಎಷ್ಟು ಮಂದಿ? ಉತ್ತರ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ. ಮಲ್ಲೇಶ್ವರ ದಾಟಿದರೆ ಸಿಗುವ ಟಾಟಾ ಇನ್‌ಸ್ಟಿಟ್ಯೂಟಿನಿಂದಲೇ ಕಥೆ ಶುರು ಮಾಡಬಹುದು.

ಅಂಗೈಯಗಲದ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರಿನ ಮೊದಲ ಮಾದರಿ 1967ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಜಾಕ್ ಕಿಲ್ಬಿ ಮತ್ತು ಸಂಗಡಿಗರ ಕೈಯಲ್ಲಿ ತಯಾರಾಯಿತು. ಗುಂಡಿ ಒತ್ತಬೇಕು, ಅದು ಕೂಡಿ ಕಳೆದು ಉತ್ತರ ಕೊಡಬೇಕು, ಅಷ್ಟೇ. ಮೂರು ದಶಕದ ನಂತರ ನಮ್ಮೂರಿನವರು ಯೋಚಿಸಿದ್ದೇ ಬೇರೆ: ಅಕ್ಷರ ಬಾರದವರೂ ಬಳಸಬಹುದಾದ ಅಂಗೈ ಕಂಪ್ಯೂಟರ್. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 2001ರ ಏಪ್ರಿಲ್‌ನಲ್ಲಿ ‘ಸಿಂಪ್ಯೂಟರ್’ ಮಾದರಿಯನ್ನು ಜನರ ಮುಂದಿಟ್ಟರು. ಅದರಲ್ಲಿ ಓಡುತ್ತಿದ್ದದ್ದು ಲಿನಕ್ಸ್. ಒಂದೇ ಯಂತ್ರವನ್ನು ಊರಿನವರೆಲ್ಲ ಹಂಚಿಕೊಂಡು ಬಳಸಲೆಂದು ತಲೆಗೊಂದು ಸ್ಮಾರ್ಟ್ ಕಾರ್ಡ್. ಪಠ್ಯವನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶವನ್ನೂ ಇದಕ್ಕಾಗಿಯೇ ಸಿದ್ಧಪಡಿಸಿದರು.

2004ರಲ್ಲಿ ಪಿಕೊಪೇಟಾ ಕಂಪನಿ ಮತ್ತು ಬಿಇಎಲ್ ಜೊತೆಗೂಡಿ ‘ಅಮಿಡಾ ಸಿಂಪ್ಯೂಟರ್’ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದವು. ನನ್ನನ್ನು ಮರುಳು ಮಾಡಿದ್ದು ಅದೇ. ಅದರಲ್ಲೊಂದು ಗೋಲಿಯಾಟವಿತ್ತು. ಗುಂಡಿ ಒತ್ತುವ ಕೆಲಸವೇ ಇಲ್ಲ. ಯಂತ್ರವನ್ನು ಎಡಕ್ಕೆ ಓರೆ ಮಾಡಿದರೆ ಪರದೆಯ ಗೋಲಿ ಎಡಕ್ಕೆ ಉರುಳುತ್ತಿತ್ತು, ಬಲಕ್ಕೆ ಓರೆ ಮಾಡಿದರೆ ಬಲಕ್ಕೆ. ಪುಟ ಮಗುಚಲು ಮಣಿಕಟ್ಟನ್ನು ಸ್ವಲ್ಪ ಒದರಿದರೆ ಸಾಕಿತ್ತು. ಐಫೋನ್ ಬಂದದ್ದು ಇದಾಗಿ ಮೂರು ವರ್ಷಕ್ಕೆ!

ಈ ಮೋಡಿಯ ಹಿಂದಿರುವುದು ಆಕ್ಸೆಲೆರೋಮೀಟರ್. ಅದರೊಳಗೆ ಸಣ್ಣದೊಂದು ಸಿಲಿಕಾನ್ ತುಣುಕು ಸಿಲಿಕಾನಿನದೇ ಸ್ಪ್ರಿಂಗುಗಳ ಮೇಲೆ ತೂಗಿಕೊಂಡಿರುತ್ತದೆ. ಸುತ್ತ ಒಂದೆರಡು ಮೈಕ್ರೊಮೀಟರ್ ಅಂತರದಲ್ಲಿ ವಿದ್ಯುತ್ ಫಲಕಗಳು. ಬಸ್ಸಿಗೆ ಬ್ರೇಕ್ ಬಿದ್ದಾಗ ನಿಂತಿದ್ದವರು ಮುಂದಕ್ಕೆ ವಾಲುವ ಹಾಗೆ, ಯಂತ್ರ ಅಲುಗಿದಾಗ ಈ ತುಣುಕೂ ವಾಲುತ್ತದೆ. ಅಂತರ ಬದಲಾದರೆ ಫಲಕಗಳ ವಿದ್ಯುತ್ ಧಾರಣೆಯೂ ಬದಲಾಗುತ್ತದೆ. ಚಿಪ್ಪು ಅದನ್ನು ಅಂಕಿಯಾಗಿಸುತ್ತದೆ. 1990ರ ದಶಕದಲ್ಲಿ ಕಾರಿನ ಏರ್‌ಬ್ಯಾಗಿಗೆ ಇಂಥ ಚಿಪ್ಪುಗಳನ್ನು ಹಾಕತೊಡಗಿದ್ದರು.

ಬಹಳ ಮಂದಿ ತಿಳಿದಿರುವಂತೆ ಇದು ದಿಕ್ಸೂಚಿಯಲ್ಲ. ಅಲುಗಾಟವನ್ನಷ್ಟೇ ಅಳೆಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಸೆನ್ಸರ್ ತೋರಿಸುವ ಆ್ಯಪ್ ಹಾಕಿಕೊಂಡು ಫೋನನ್ನು ಮೇಜಿನ ಮೇಲಿಟ್ಟು ನೋಡಿ. ಫೋನ್ ಕದಲದಿದ್ದರೂ ಒಂದು ಅಕ್ಷದಲ್ಲಿ 9.8ರ ಆಸುಪಾಸಿನ ಅಂಕಿ ನಿಂತಿರುತ್ತದೆ. ಆದರೆ ಫೋನನ್ನು ಮೆತ್ತನೆಯ ಹಾಸಿಗೆಯ ಮೇಲೆ ಬೀಳಬಿಟ್ಟರೆ, ಭೂಮಿ ಎಳೆಯುತ್ತಿರುವಾಗಲೇ, ಗಾಳಿಯಲ್ಲಿರುವ ಆ ಕ್ಷಣದ ಮಟ್ಟಿಗೆ ಅಂಕಿ ಸೊನ್ನೆಗೆ ಇಳಿಯುತ್ತದೆ! ಬೀಳುವಾಗ ಫೋನೂ ಒಳಗಿನ ತುಣುಕೂ ಒಂದೇ ಸಮ ಬೀಳುತ್ತವೆ, ಸ್ಪ್ರಿಂಗ್ ಬಾಗಲು ಕಾರಣವೇ ಇರುವುದಿಲ್ಲ. ಅಂದರೆ ಅದು ಅಳೆಯುವುದು ಭೂಮಿಯ ಸೆಳೆತವನ್ನಲ್ಲ, ಬೀಳದಂತೆ ತಡೆದಿರುವ ಮೇಜಿನ ಅಥವಾ ಅಂಗೈಯ ಒತ್ತನ್ನು.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಕೈಯಲ್ಲಿ ನೆಟ್ಟಗೆ ಹಿಡಿದ ಫೋನನ್ನು ಅಡ್ಡ ಮಾಡಿದರೆ, ಆ ಒತ್ತು ಉದ್ದದ ಅಕ್ಷದಿಂದ ಅಗಲದ ಅಕ್ಷಕ್ಕೆ ದಾಟುತ್ತದೆ, ಚಿತ್ರ ತಿರುಗುತ್ತದೆ. ಮೇಜಿನ ಮೇಲೆ ಮಲಗಿಸಿದಾಗ ಒತ್ತು ಬರುವುದು ಬೆನ್ನಿನ ಕಡೆಯಿಂದ. ಎಷ್ಟು ಸುತ್ತಿದರೂ ಅದು ಬೆನ್ನಿಗೇ ಇರುತ್ತದೆ. ಆಕ್ಸೆಲೆರೋಮೀಟರಿನ ಪಾಲಿಗೆ ಏನೂ ಬದಲಾಗಿರುವುದಿಲ್ಲ.

‘ನಮ್ಮವರ ಐಡಿಯಾವನ್ನು ಆ್ಯಪಲ್ ಕದ್ದಿತು’ ಎಂದು ವಾಟ್ಸ್ಆ್ಯಪಿನಲ್ಲಿ ಹಂಚುವವರಿಗೆ ಒಂದು ಮಾತು: ದಯವಿಟ್ಟು ನಿಲ್ಲಿಸಿ. ಓರೆ ಮಾಡಿ ನಡೆಸುವ ಅಂಗೈ ಯಂತ್ರಗಳ ಪ್ರಯೋಗ ಅಮಿಡಾಕ್ಕೂ ಮುಂಚೆ ವಿದೇಶಿ ಪ್ರಯೋಗಾಲಯಗಳಲ್ಲಿ ನಡೆದಿತ್ತು. ಸಿಂಪ್ಯೂಟರ್ ಕಟ್ಟಿದವರಂತೂ ಯಂತ್ರಾಂಶದ ವಿನ್ಯಾಸವನ್ನೇ ಪರವಾನಗಿಯಡಿ ಇತರರಿಗೂ ತೆರೆದಿಟ್ಟವರು. ಕದ್ದರೆಂದು ಕೂಗುವುದು ಅವರ ಔದಾರ್ಯಕ್ಕೆ ಮಾಡುವ ಅವಮಾನ. ಅಮಿಡಾ ಮಾರಾಟವಾದದ್ದು ಕೆಲವೇ ಸಾವಿರ, ನಿಜ. ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಬೆಲೆ ಹಳ್ಳಿಗೆ ಭಾರವಾಯಿತು, ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಯಿತು. ಆದರೂ ಬರಿಯ ಕೈಯ ಚಲನೆಯಿಂದ ಕೆಲಸ ಮಾಡುವ ಕಂಪ್ಯೂಟರನ್ನು ಅಂಗಡಿಗೆ ತಂದ ಮೊದಲಿಗರ ಸಾಲಿನಲ್ಲಿ ಬೆಂಗಳೂರಿನವರಿದ್ದಾರೆ. ಹೆಮ್ಮೆಪಡಲು ಅಷ್ಟು ಸತ್ಯ ಸಾಕು.

ಈಗ ಪ್ರಶ್ನೆ ಕೇಳುವ ಸರದಿ ನನ್ನದು. ಅದೇ ಆ್ಯಪ್ ತೆರೆದುಕೊಂಡು ಲಿಫ್ಟ್ ಹತ್ತಿ. ಲಿಫ್ಟ್ ಕೆಳಗಿಳಿಯಲು ಹೊರಟ ಗಳಿಗೆ ಅಂಕಿ ತಗ್ಗುತ್ತದೆ, ಒಂದೇ ವೇಗದಲ್ಲಿ ಇಳಿಯುವಾಗ ಮತ್ತೆ 9.8ಕ್ಕೇ ಬರುತ್ತದೆ, ನಿಲ್ಲುವ ಮುಂಚೆ ಅದನ್ನೂ ಮೀರುತ್ತದೆ. ಯಾಕೆ? ಮಕ್ಕಳೇ, ಬರೆದು ಕಳುಹಿಸಿ.